ಹೆಸರಿಗೆ ವಿಂಚೆಸ್ಟರ್, ಹೆಚ್ಚುಗಾರಿಕೆಗೆ ಸ್ಯಾವೇಜ್

ಹಳೆಯ ಲಿವರ್ ರೈಫಲ್‌ಗಳನ್ನು ಕೂಡಿಡುವವರ ನಡುವೆ ವಿಂಚೆಸ್ಟರ್ 1873ರ ಹೆಸರು ಬಂದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಅಮೆರಿಕದ ಪಶ್ಚಿಮವನ್ನು ಗೆದ್ದ ಕೋವಿ ಎಂಬ ಬಿರುದು ಅದರದು. ಆದರೆ ಆ ಬಿರುದು ಕಂಪನಿಯ ಜಾಹೀರಾತಿನದು. ಅದು ಹುಟ್ಟಿದ್ದೂ ಪಶ್ಚಿಮದ ಕಾಳಗಗಳೆಲ್ಲ ಮುಗಿದ ಮೇಲೆ. 1950ರಲ್ಲಿ ಬಂದ ಆಂಥನಿ ಮ್ಯಾನ್ ನಿರ್ದೇಶನದ ‘ವಿಂಚೆಸ್ಟರ್ 73’ ಚಿತ್ರ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ವಾಸ್ತವ ಬೇರೆಯೇ ಇತ್ತು. 1876ರ ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ಅಮೆರಿಕ ಸೇನೆಯ ಅಧಿಕಾರಿ ಕಸ್ಟರ್‌ನ ಸೈನಿಕರ ಕೈಯಲ್ಲಿದ್ದದ್ದು ಒಂದೊಂದೇ ತೋಟಾ ತುಂಬುವ ಸ್ಪ್ರಿಂಗ್‌ಫೀಲ್ಡ್. ಹೆನ್ರಿ, ವಿಂಚೆಸ್ಟರ್‌ಗಳು ಸಿಡಿದದ್ದು ಅವರನ್ನು ಸೋಲಿಸಿದ ಲಕೋಟಾ, ಶಯಾನ್ ಬುಡಕಟ್ಟುಗಳ ಯೋಧರ ಕೈಯಿಂದ.

1873 ಕೆಟ್ಟ ಕೋವಿಯಲ್ಲ. ಏಳು ಲಕ್ಷಕ್ಕೂ ಹೆಚ್ಚು ತಯಾರಾದವು. ಒರಟು ಬಳಕೆಗೂ ಜಗ್ಗಲಿಲ್ಲ. ಆದರೆ ಅದರ ಮಡಚು-ಕೀಲು 1860ರ ಹೆನ್ರಿಯಿಂದ ಬಂದದ್ದು, ಗಿಡ್ಡ ತೋಟಾಗಳಿಗಷ್ಟೇ ತಕ್ಕದ್ದು. ಉದ್ದನೆಯ, ಬಲವಾದ ತೋಟಾ ಬೇಕಾದಾಗ ಕಂಪನಿಯೇ ಜಾನ್ ಬ್ರೌನಿಂಗ್‌ನ ವಿನ್ಯಾಸಕ್ಕೆ ಹೋಗಿ 1886ರ ಮಾದರಿಯನ್ನು ತಂದಿತು.

ನಿಜವಾದ ಜಿಗಿತ ಕಾಣುವುದು ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ ತಯಾರಾದ ಸ್ಯಾವೇಜ್ 1899ರಲ್ಲಿ. ಉಳಿದ ಬಹುತೇಕ ಲಿವರ್ ರೈಫಲ್‌ಗಳಲ್ಲಿ ತೋಟಾಗಳು ನಳಿಕೆಯ ಕೆಳಗಿನ ಕೊಳವೆಯೊಳಗೆ ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನ ತೋಟಾದ ಗುಂಡಿನ ಮೂತಿ ಮುಂದಿನದರ ಕೇಪಿಗೆ ತಾಗಿರುತ್ತದೆ. ಮೂತಿ ಚೂಪಾಗಿದ್ದರೆ ಕೋವಿಯ ಒದೆತಕ್ಕೆ ಕೊಳವೆಯೊಳಗೇ ಕೇಪು ಸಿಡಿಯುವ ಅಪಾಯವಿದೆ. ಹಾಗಾಗಿ ಮೊಂಡು ಗುಂಡೇ ಗತಿ. ಅದರ ವೇಗವನ್ನು ಗಾಳಿ ಬೇಗ ತಿನ್ನುತ್ತದೆ. ಜಮೈಕಾದಲ್ಲಿ ಹುಟ್ಟಿದ ಆರ್ಥರ್ ಸ್ಯಾವೇಜ್ ಆ ಕೊಳವೆಯನ್ನೇ ತೆಗೆದುಹಾಕಿದ. ಕೋವಿಯ ಒಡಲೊಳಗೆ ಸ್ಪ್ರಿಂಗಿನಿಂದ ತಿರುಗುವ ಉರುಳೆಯಿಟ್ಟು, ಅದರ ತೊಟ್ಟಿಲುಗಳಲ್ಲಿ ಐದು ತೋಟಾಗಳನ್ನು ಬೇರೆಬೇರೆಯಾಗಿ ಕೂರಿಸಿದ. ಮೂತಿಗೂ ಕೇಪಿಗೂ ಸಂಬಂಧವೇ ತಪ್ಪಿ, ಚೂಪು ಗುಂಡಿಗೆ ದಾರಿಯಾಯಿತು. ಭಾರ ನಡುವೆಯೇ ಇರುವುದರಿಂದ ಗುಂಡು ಖಾಲಿಯಾದಂತೆ ಕೋವಿಯ ತೂಕ ಹಿಂದಕ್ಕೆ ಸರಿಯುವುದಿಲ್ಲ. ಎಷ್ಟು ತೋಟಾ ಉಳಿದಿವೆ ಎಂಬುದನ್ನು ಎಡಬದಿಯ ಪುಟ್ಟ ಕಿಂಡಿಯ ಅಂಕಿ ಹೇಳುತ್ತದೆ. ಹೊರಗೆ ಚಾಚಿದ ಸುತ್ತಿಗೆಯೂ ಇಲ್ಲ. 1915ರಲ್ಲಿ ಸೆಕೆಂಡಿಗೆ 3000 ಅಡಿ ವೇಗದ ‘.250-3000’ ತೋಟಾ ಬಂದಾಗ ಅದಕ್ಕೂ ಈ ಒಡಲು ಸಾಲಿತು.

ಸ್ಯಾವೇಜಿನ ಹಿಡಿಮರ ಲೋಹಕ್ಕೆ ಸೇರುವಲ್ಲಿ ಸೀಳುವುದುಂಟು. ನಂತರದ ಕೆಲವು ಮಾದರಿಗಳಲ್ಲಿ ಉರುಳೆಯ ಬದಲು ಕಳಚುವ ಪೆಟ್ಟಿಗೆ ಬಂತು. ಅವುಗಳಿಗೆ ಈ ಮೆಚ್ಚುಗೆ ಸಲ್ಲದು.

ತಕರಾರಿರುವುದು ಬೆಲೆ ಕಟ್ಟುವ ಪಂಡಿತರ ಜೊತೆ. ಕಾರ್ಖಾನೆಯ ನೀಲಿ ಬಣ್ಣ ಶೇಕಡಾ ಎಷ್ಟು ಉಳಿದಿದೆ, ಕೋವಿ ಯಾರ ಕೈಯಲ್ಲಿತ್ತು ಎಂಬುದೇ ಅವರ ತಕ್ಕಡಿ. 2016ರಲ್ಲಿ ಮೊದಲ ಕ್ರಮಸಂಖ್ಯೆಯ ವಿಂಚೆಸ್ಟರ್ 1886 ಹರಾಜಿನಲ್ಲಿ 12,65,000 ಡಾಲರ್ ಗಳಿಸಿತು. ಅಪಾಚೆ ನಾಯಕ ಜೆರೊನಿಮೊನನ್ನು ಬೆನ್ನಟ್ಟಿದ ಕ್ಯಾಪ್ಟನ್ ಲಾಟನ್‌ಗೆ ಉಡುಗೊರೆಯಾಗಿ ಸಂದಿದ್ದ ಕೋವಿ ಅದು. ಆ ಮೊತ್ತದಲ್ಲಿ ಯಂತ್ರದ ಪಾಲು ಎಷ್ಟು, ಕಥೆಯ ಪಾಲು ಎಷ್ಟು ಎಂದು ಕೇಳಿದವರು ಕಡಿಮೆ. ಇದೇ ಪಂಡಿತರು ದುರ್ಬೀನು ಕೂರಿಸಲು ತೂತು ಕೊರೆದ ಸ್ಯಾವೇಜನ್ನು ಕೆಟ್ಟುಹೋದ ಮಾಲಿನಂತೆ ಕಾಣುತ್ತಾರೆ. ದೂರಕ್ಕೆ ನೇರ ಹೊಡೆಯುವ ಕೋವಿಯಾದ್ದರಿಂದಲೇ ಬೇಟೆಗಾರ ಅದಕ್ಕೆ ದುರ್ಬೀನು ಬಯಸಿದ. ಬಳಕೆಗೆ ಒದಗಿದ ಗುಣವೇ ಇಲ್ಲಿ ದೋಷವಾಗಿ ಲೆಕ್ಕಕ್ಕೆ ಬಿದ್ದಿದೆ.

ಸಂಗ್ರಾಹಕರು ಬಣ್ಣಕ್ಕೆ ಮೊದಲು ಉರುಳೆ ಸಲೀಸಾಗಿ ತಿರುಗುತ್ತದೆಯೇ, ಕಿಂಡಿಯ ಅಂಕಿ ಸರಿಯಾಗಿ ಬದಲಾಗುತ್ತದೆಯೇ, ಮರ ಸೀಳಿದೆಯೇ ಎಂದು ನೋಡಬೇಕು. ಹಾಗೆ ನೋಡಿದರೆ ತೂತಿರುವ ಸ್ಯಾವೇಜ್ ಈಗಿನ ಬೆಲೆಪಟ್ಟಿಯಲ್ಲಿ ಕನಿಷ್ಠ ಒಂದು ಮೆಟ್ಟಿಲು ಮೇಲೇರುತ್ತದೆ, ಮಾಸದ ಬಣ್ಣದ 1873 ಒಂದು ಮೆಟ್ಟಿಲು ಇಳಿಯುತ್ತದೆ.