ಮರುಳೂ ಸಾಕ್ಷಿಯೂ

ಮನುಷ್ಯನಂತೆ ತೋರಿ ಮನುಷ್ಯನಾಗಿರದ ಕಪ್ಪು ಆಕೃತಿಯೊಂದನ್ನು ಕಂಡೆವೆಂದು ಹೇಳುವವರು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಉಂಟು. ಈ ಮಾತನ್ನು ಎದುರಿಸಬೇಕಾಗಿ ಬಂದಾಗ ನಮ್ಮ ವಿಮರ್ಶೆ ಸಾಮಾನ್ಯವಾಗಿ ಎರಡು ದಾರಿಗಳಲ್ಲೊಂದನ್ನು ಹಿಡಿಯುತ್ತದೆ. ಹಳ್ಳಿಯವರ ಬಾಯಿಂದ ಬಂದುದಾದರೆ ಮೂಢನಂಬಿಕೆಯೆಂದು ಬದಿಗಿಡುತ್ತದೆ. ಹೆಸರಾಂತ ಕವಿಯ ಲೇಖನಿಯಿಂದ ಬಂದುದಾದರೆ ಪ್ರತಿಮೆಯೆಂದು ಕೊಂಡಾಡುತ್ತದೆ. ಅನುಭವ ಒಂದೇ ಬಗೆಯದಾಗಿದ್ದು, ಹೇಳುವವನ ಅಂತಸ್ತಿನಿಂದ ಮಾತ್ರ ಅದರ ಬೆಲೆ ಏರಿಳಿಯುವುದಾದರೆ, ತೂಗುವ ತಕ್ಕಡಿಯನ್ನೇ ಒಮ್ಮೆ ಪರೀಕ್ಷಿಸುವುದು ನ್ಯಾಯ.

ಇಂಗ್ಲಿಷ್ ಸಾಹಿತ್ಯದ ಒಂದು ಪ್ರಸಿದ್ಧ ನಿದರ್ಶನವನ್ನು ಮೊದಲು ನೋಡಬಹುದು. 1916ರ ಮೇ ತಿಂಗಳಲ್ಲಿ ಅರ್ನೆಸ್ಟ್ ಷ್ಯಾಕಲ್ಟನ್ ಎಂಬ ಅನ್ವೇಷಕ ವರ್ಸ್ಲಿ, ಕ್ರೀನ್ ಎಂಬಿಬ್ಬರು ಸಂಗಡಿಗರೊಡನೆ ದಕ್ಷಿಣ ಜಾರ್ಜಿಯಾ ದ್ವೀಪದ ಹಿಮಪರ್ವತಗಳನ್ನು ದಾಟಿದನು. ಸುಮಾರು 36 ಗಂಟೆಗಳ ಆ ನಡಿಗೆಯಲ್ಲಿ ತಾವು ಮೂವರಲ್ಲ, ನಾಲ್ವರು ಎಂದು ಆತನಿಗೆ ಮತ್ತೆ ಮತ್ತೆ ಅನಿಸಿತು. ಆಗ ಅವನು ಬಾಯಿ ಬಿಡಲಿಲ್ಲ. ಅನಂತರ ವರ್ಸ್ಲಿಯೂ ಕ್ರೀನನೂ ತಮಗೂ ಹಾಗೆಯೇ ತೋರಿತ್ತೆಂದು ಒಪ್ಪಿಕೊಂಡರು. 1919ರಲ್ಲಿ ಹೊರಬಂದ ‘ಸೌತ್’ ಎಂಬ ಗ್ರಂಥದಲ್ಲಿ ಷ್ಯಾಕಲ್ಟನ್ ಇದನ್ನು ದೈವಕೃಪೆಯ ಮಾತಿನೊಡನೆ ಸೇರಿಸಿ ದಾಖಲಿಸಿದ್ದಾನೆ.

1922ರಲ್ಲಿ ಟಿ. ಎಸ್. ಎಲಿಯಟ್ ‘ದಿ ವೇಸ್ಟ್ ಲ್ಯಾಂಡ್’ ಕಾವ್ಯದ ಐದನೆಯ ಭಾಗದಲ್ಲಿ ಈ ವೃತ್ತಾಂತವನ್ನು ಬಳಸಿಕೊಂಡನು. ನಡೆಯುವವರು ಮೂವರ ಬದಲು ಇಬ್ಬರಾದರು. ಹೆಚ್ಚಿನವನು ಮೂರನೆಯವನಾಗಿ, ಮುಸುಕು ಹೊದ್ದ ಆಕೃತಿಯಾದನು. ಕ್ರಿಸ್ತನು ಪುನರುತ್ಥಾನದ ಬಳಿಕ ಎಮ್ಮಾವೂಸಿನ ದಾರಿಯಲ್ಲಿ ಗುರುತು ಸಿಗದಂತೆ ಶಿಷ್ಯರ ಜೊತೆಗೂಡಿದ ಕಥೆಯೂ ಇಲ್ಲಿ ಸೇರಿಕೊಂಡಿತು. ಗಮನಿಸಬೇಕಾದ ಸಂಗತಿಯೆಂದರೆ, ಕವಿ ತನ್ನ ಟಿಪ್ಪಣಿಯಲ್ಲಿ ಅನ್ವೇಷಕರ ಅನುಭವವನ್ನು ‘ಭ್ರಮೆ’ ಎಂದೇ ಕರೆದಿದ್ದಾನೆ. ಆದರೂ ಆ ಸಾಲುಗಳನ್ನು ಯಾವ ವಿಮರ್ಶಕನೂ ಮೂಢನಂಬಿಕೆಯೆಂದು ತಳ್ಳಿಲ್ಲ. ಭ್ರಮೆಯೆಂದು ಒಪ್ಪಿದ ಮೇಲೆಯೂ ಅರ್ಥ ಉಳಿಯಬಲ್ಲದೆಂಬುದನ್ನು ಎಲ್ಲರೂ ಅಲ್ಲಿ ಒಪ್ಪಿದ್ದಾರೆ.

ಈ ಔದಾರ್ಯ ಹೆಸರಿಲ್ಲದ ಸಾಕ್ಷಿಗಳಿಗೆ ದೊರೆತಿಲ್ಲ. ಕೆನಡಾದ ನ್ಯೂಫೌಂಡ್‌ಲೆಂಡ್ ದ್ವೀಪದ ಜನ ‘ಮುದಿ ಮಾಟಗಾತಿ’ ರಾತ್ರಿ ಬಂದು ಎದೆಯ ಮೇಲೆ ಕೂರುತ್ತಾಳೆಂದು ಹೇಳುತ್ತಿದ್ದರು. ಎಚ್ಚರವಿದ್ದೂ ಕೈಕಾಲು ಆಡದು, ಯಾರೋ ಬಳಿಗೆ ಬಂದಂತಾಗುತ್ತದೆ, ಕರಿಯ ಆಕೃತಿ ಕಾಣುತ್ತದೆ, ಉಸಿರು ಕಟ್ಟುತ್ತದೆ. ಜನರು ಕೇಳಿದ ಕಥೆಯನ್ನೇ ಕಂಡಂತೆ ಹೇಳುತ್ತಾರೆ ಎಂಬುದು ವಿದ್ವಾಂಸರ ರೂಢಿಯ ಉತ್ತರವಾಗಿತ್ತು. ಡೇವಿಡ್ ಹಫರ್ಡ್ ಎಂಬ ಜಾನಪದ ವಿದ್ವಾಂಸ 1982ರ ತನ್ನ ಗ್ರಂಥದಲ್ಲಿ ಈ ಉತ್ತರವನ್ನು ಅಲುಗಾಡಿಸಿದನು. ಆ ಕಥೆಯನ್ನು ಎಂದೂ ಕೇಳದವರೂ ಅದೇ ವಿವರಗಳನ್ನು ಹೇಳುತ್ತಿದ್ದರು. ಅಂದರೆ ಇಲ್ಲಿ ಅನುಭವವೇ ಮುಂದು, ನಂಬಿಕೆ ಅದರ ಹಿಂದು. ಕನಸು ಬೀಳುವ ನಿದ್ರೆಯಲ್ಲಿ ಸ್ನಾಯುಗಳು ಸಡಿಲಗೊಂಡಿರುತ್ತವೆಂದೂ, ಆ ಸ್ಥಿತಿ ಕಳೆಯುವ ಮೊದಲೇ ಎಚ್ಚರವಾದರೆ ಹೀಗಾಗುತ್ತದೆಂದೂ ನಿದ್ರಾಶಾಸ್ತ್ರ ಹೇಳುತ್ತದೆ. ದೆವ್ವ ‘ಮೆಟ್ಟಿಕೊಂಡಿತು’ ಎಂಬ ನಮ್ಮ ಮಾತಿನಲ್ಲಿಯೂ ತುಳಿತದ ಭಾರ ಅಡಗಿರುವುದನ್ನು ಮರೆಯಬಾರದು.

2006ರಲ್ಲಿ ಓಲಾಫ್ ಬ್ಲಾಂಕೆ ಮತ್ತು ಸಹೋದ್ಯೋಗಿಗಳು ಸ್ವಿಟ್ಸರ್ಲೆಂಡಿನಿಂದ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿ ಇನ್ನೂ ಮುಂದಿನ ಹೆಜ್ಜೆ. ಅಪಸ್ಮಾರದ ಚಿಕಿತ್ಸೆಗೆ ಬಂದ ತರುಣಿಯೊಬ್ಬಳ ಮೆದುಳಿನ ಎಡಭಾಗದ ಒಂದು ಸ್ಥಳವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ, ನೆರಳಿನಂಥ ವ್ಯಕ್ತಿಯೊಂದು ತನ್ನ ಬೆನ್ನ ಹಿಂದಿದೆಯೆಂದು ಆಕೆಗೆ ತೋರಿತು. ಆಕೆ ಮಲಗಿದರೆ ಅದೂ ಮಲಗಿತು. ಕುಳಿತರೆ ಅದೂ ಕುಳಿತಿತು. ತನ್ನ ದೇಹದ ಅರಿವನ್ನೇ ತಾನು ಗುರುತಿಸಲಾರದೆ ಅನ್ಯನೆಂದು ಬೆದರುವ ಸ್ಥಿತಿಯಿದು.

ಇಷ್ಟು ತಿಳಿದ ಬಳಿಕ ಕನ್ನಡದ ‘ಮರುಳು’ ಎಂಬ ಶಬ್ದ ವಿಶೇಷ ಬೆಳಕಿನಲ್ಲಿ ಕಾಣುತ್ತದೆ. ಮರುಳೆಂದರೆ ಪಿಶಾಚಿ; ಮರುಳೆಂದರೆ ಮತಿಭ್ರಮೆಯೂ ಹೌದು. ಹೊರಗಿನದೋ ಒಳಗಿನದೋ ಎಂಬ ಪ್ರಶ್ನೆಯನ್ನು ಭಾಷೆ ಬಗೆಹರಿಸದೆ ಒಂದೇ ಶಬ್ದದಲ್ಲಿ ಹಿಡಿದಿಟ್ಟಿದೆ. ರನ್ನನ ‘ಗದಾಯುದ್ಧ’ದಲ್ಲಿ ಬಂಧುಮಿತ್ರರನ್ನು ಕಳೆದುಕೊಂಡ ದುರ್ಯೋಧನ ಹೆಣಗಳ ನಡುವೆ ಭೀಷ್ಮರಿದ್ದೆಡೆಗೆ ನಡೆಯುವಾಗ ಮರುಳುಗಳು ಅವನನ್ನು ಅಣಕಿಸುತ್ತವೆ. ಇದನ್ನು ರಣರಂಗದ ಭೀಭತ್ಸ ವರ್ಣನೆಯೆಂದಷ್ಟೇ ಓದಿದರೆ ಕವಿಗೆ ಅನ್ಯಾಯವಾಗುತ್ತದೆ. ಕೇವಲ ಅಂತರಂಗದ ಪ್ರತಿಮೆಯೆಂದರೂ ಅನ್ಯಾಯವೇ. ಹಿರಿಯರ ಹಿತವಚನಕ್ಕೆ ಕಿವಿಗೊಡದ ಅರಸನಿಗೆ ಕೊನೆಗೆ ಮರುಳುಗಳ ಬಾಯಿಂದ ಮಾತು ಕೇಳಬೇಕಾಯಿತು. ಮರುಳು ಯಾರದು ಎಂಬ ಪ್ರಶ್ನೆ ಅಲ್ಲಿ ಅರಸನ ಕಡೆಗೇ ತಿರುಗುತ್ತದೆ. ಆ ಆಕೃತಿ ಇದೆಯೋ ಇಲ್ಲವೋ ಎಂಬುದಲ್ಲ, ಕಂಡವನನ್ನು ಅದು ಯಾವ ಸತ್ಯದ ಮುಂದೆ ನಿಲ್ಲಿಸಿತು ಎಂಬುದೇ ಕಾವ್ಯದ ಕಾಳಜಿ.

ಸಾಕ್ಷಿಯ ಅನುಭವಕ್ಕೆ ಮರ್ಯಾದೆ ಕೊಡುವುದೆಂದರೆ ದೆವ್ವ ಬಿಡಿಸುವವನ ಬೆತ್ತಕ್ಕೆ ಮರ್ಯಾದೆ ಕೊಟ್ಟಂತಲ್ಲ. ಮಹಾರಾಷ್ಟ್ರದ 2013ರ ಶಾಸನವೂ ಕರ್ನಾಟಕದ 2017ರ ಶಾಸನವೂ ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಬಡಿಯುವುದನ್ನು ಅಪರಾಧವೆಂದು ಸಾರಿವೆ, ಅದು ಸರಿಯಾದುದೇ. ಆದರೆ ಶಾಸನ ಹೊಡೆತವನ್ನು ತಡೆಯಬಹುದೇ ಹೊರತು, ನಗೆಯನ್ನು ತಡೆಯಲಾರದು. ಕಂಡದ್ದನ್ನು ಹೇಳಿದರೆ ನಗುತ್ತಾರೆಂದು ತಿಳಿದವನು ವೈದ್ಯನ ಬಳಿಗೆ ಹೋಗುವುದಿಲ್ಲ; ನಗದೆ ಕೇಳುವ ಮಂತ್ರವಾದಿಯ ಬಳಿಗೆ ಹೋಗುತ್ತಾನೆ. ವಿಚಾರವಂತರ ತಾತ್ಸಾರವೂ ಹೀಗೆ ಆ ಬೆತ್ತಕ್ಕೆ ಆಹಾರ ಒದಗಿಸುತ್ತದೆ.

ಷ್ಯಾಕಲ್ಟನ್ನನ ನಾಲ್ಕನೆಯವನಿಗೆ ಕಾವ್ಯದಲ್ಲಿ ಸ್ಥಾನ ಸಿಕ್ಕಿತು. ಬೆಚ್ಚಿ ಎದ್ದು ಬಾಗಿಲ ಬಳಿ ಯಾರೋ ನಿಂತಿದ್ದರೆಂದು ಹೇಳುವ ಕೂಲಿಯ ಹೆಂಗಸಿಗೆ ನಗೆಯೋ ಬೆತ್ತವೋ ಸಿಕ್ಕೀತು. ಇವರಿಬ್ಬರ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗಬಲ್ಲ ವಿಮರ್ಶೆ ನಮ್ಮಲ್ಲಿ ಬೆಳೆಯಬೇಕಾಗಿದೆ. ಆಕೆ ಕಂಡ ಆಕೃತಿಯನ್ನು ನಂಬಬೇಕಾಗಿಲ್ಲ. ಆಕೆಯನ್ನು ನಂಬಿದರೆ ಸಾಕು.