ಸಹನಿರ್ಮಾಣದ ಕಡತದಲ್ಲಿ ಭಾಷೆಯ ಸ್ಥಾನ

ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮವು 2007ರಲ್ಲಿ ಗೋವಾದಲ್ಲಿ ಆರಂಭಿಸಿದ ಫಿಲ್ಮ್ ಬಜಾರ್‌ಗೆ ಭಾರತದ ನಾನಾ ಭಾಷೆಗಳ ನಿರ್ದೇಶಕರು ಇನ್ನೂ ಚಿತ್ರೀಕರಣಗೊಳ್ಳದ ಕಥೆಗಳನ್ನು ಹೊತ್ತು ಬರುತ್ತಾರೆ. ವಿದೇಶಿ ನಿರ್ಮಾಪಕರ ಮುಂದಿಡುವ ಕಡತದಲ್ಲಿ ಕಥಾಸಾರ, ನಿರ್ದೇಶಕರ ಟಿಪ್ಪಣಿ, ಆಯವ್ಯಯ, ಹಣ ಹೊಂದಿಸುವ ಯೋಜನೆ ಇರುತ್ತವೆ. ಎಲ್ಲವೂ ಇಂಗ್ಲಿಷಿನಲ್ಲಿ. ಚಿತ್ರ ಯಾವ ಭಾಷೆಯದೆಂಬುದು ಅಲ್ಲಿ ಒಂದು ಸಾಲಿನ ಮಾಹಿತಿ ಮಾತ್ರ. ಸಾಮಾನ್ಯವಾಗಿ ಕೃತಿ ಮೊದಲು, ಅನುವಾದ ಆಮೇಲೆ. ಇಲ್ಲಿ ಅನುವಾದ ಮೊದಲು ಓದಲ್ಪಡುತ್ತದೆ, ಕೃತಿ ಆಮೇಲೆ ಹುಟ್ಟುತ್ತದೆ. ಭಾರತವು ಹಲವು ದೇಶಗಳೊಂದಿಗೆ ಮಾಡಿಕೊಂಡಿರುವ ಸಹನಿರ್ಮಾಣ ಒಪ್ಪಂದಗಳು ಚಿತ್ರಕ್ಕೆ ಎರಡೂ ಕಡೆ ಸ್ವದೇಶಿ ಚಿತ್ರದ ಮನ್ನಣೆ ಕೊಡಿಸುತ್ತವೆ. ಅವುಗಳ ಪಕ್ಷಗಳು ರಾಷ್ಟ್ರಗಳು, ಭಾಷೆ ಪಕ್ಷವಲ್ಲ.

ಹೊರಗಿನ ಹಣ ಚಿತ್ರವನ್ನೇ ಹೊರಗಿನದಾಗಿಸುತ್ತದೆ ಎಂಬುದು ಇದರ ವಿರುದ್ಧ ಕೇಳಿಬರುವ ರೂಢಿಯ ಆಕ್ಷೇಪ. ಪಾಯಲ್ ಕಪಾಡಿಯಾ ಅವರ 'ಆಲ್ ವಿ ಇಮ್ಯಾಜಿನ್ ಆಸ್ ಲೈಟ್' 2024ರಲ್ಲಿ ಕಾನ್ ಉತ್ಸವದ ಗ್ರಾಂ ಪ್ರಿ ಪಡೆದ ಬಳಿಕವೂ ಆಸ್ಕರ್‌ಗೆ ಭಾರತದ ಆಯ್ಕೆಯಾಗಲಿಲ್ಲ. ಭಾರತದಲ್ಲಿ ನಡೆಯುವ ಯುರೋಪಿಯನ್ ಚಿತ್ರವನ್ನು ನೋಡಿದಂತೆ ತೀರ್ಪುಗಾರರಿಗೆ ಅನಿಸಿತೆಂದು ಫಿಲ್ಮ್ ಫೆಡರೇಷನ್‌ನ ಅಧ್ಯಕ್ಷರೇ ಹೇಳಿದರು. ಫ್ರಾನ್ಸ್, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್, ಇಟಲಿಗಳ ಪಾಲುದಾರಿಕೆ ಅದಕ್ಕಿದ್ದದ್ದು ನಿಜ. ಆದರೆ ಮಾತಿಗೆ ಕಿವಿಗೊಟ್ಟವರಿಗೆ ಈ ಅಭಿಪ್ರಾಯ ನಿಲ್ಲದು. ಕೇರಳದಿಂದ ಮುಂಬೈಗೆ ಬಂದ ದಾದಿಯರಿಬ್ಬರ ಕೋಣೆಯಲ್ಲಿ ಮಲಯಾಳ. ಬಾಗಿಲಾಚೆ ಹಿಂದಿ, ಮರಾಠಿ. ಪ್ರಭಾಳನ್ನು ಮೆಚ್ಚಿದ ವೈದ್ಯನಿಗೆ ಹಿಂದಿ ಬಾಯಿಗೆ ಹತ್ತುವುದಿಲ್ಲ, ಅವನ ಒಂಟಿತನಕ್ಕೆ ಅದೂ ಒಂದು ಕಾರಣ. ಒಂದೇ ರಾಜ್ಯದ, ಒಂದೇ ಭಾಷೆಯ ಮಾರುಕಟ್ಟೆಯನ್ನು ನಂಬಿದ ನಿರ್ಮಾಪಕನಿಗೆ ಇಂಥ ಮಾತಿನ ಹೆಣಿಗೆ ದುಬಾರಿಯಾಗುತ್ತಿತ್ತು.

ಹೋಲಿಕೆಗೆ ಕಾಸರಗೋಡೇ ಸಿಗುತ್ತದೆ. ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' (2018) ಗಡಿನಾಡಿನ ಕನ್ನಡ ಶಾಲೆಯ ಅಳಿವನ್ನು ಕರ್ನಾಟಕದುದ್ದಕ್ಕೂ ಮುಟ್ಟಿಸಿತು. ಆ ಕೆಲಸ ಸಣ್ಣದಲ್ಲ. ಆದರೂ ಅಲ್ಲಿ ಮಲಯಾಳ ಬರುವುದು ಬಹುಮಟ್ಟಿಗೆ ಹೇರಿಕೆಯಾಗಿ, ಇಲ್ಲವೇ ನಗೆಯಾಗಿ. ಕನ್ನಡ ಶಾಲೆಯಲ್ಲಿ ಓದಿ ಅಂಗಡಿಯಲ್ಲಿ ಮಲಯಾಳ, ಮನೆಯಲ್ಲಿ ತುಳು ಆಡುವ ಹುಡುಗ ಬೆಂಗಳೂರಿನ ಚಿತ್ರಮಂದಿರಕ್ಕೆ ಬೇಕಿರಲಿಲ್ಲ.

ಹಾಗೆಂದು ಸಹನಿರ್ಮಾಣವೇ ಮದ್ದೆಂದು ತಿಳಿಯಬೇಕಿಲ್ಲ. ಅನೂಪ್ ಸಿಂಗ್ ಅವರ 'ಕಿಸ್ಸಾ' (2013) ಜರ್ಮನಿಯ ಪಾಲುದಾರಿಕೆಯಲ್ಲೂ ಪಂಜಾಬಿಯಲ್ಲೇ ಉಳಿಯಿತು; ಆದರೆ ಮುಖ್ಯ ಪಾತ್ರಗಳ ಇರ್ಫಾನ್ ಖಾನ್, ತಿಲೋತ್ತಮಾ ಶೋಮ್ ಇಬ್ಬರ ಮನೆಮಾತೂ ಪಂಜಾಬಿಯಲ್ಲ. ಭಾಷೆಯ ಹೆಸರನ್ನಷ್ಟೇ ಕೇಳುವ ಕಡತಕ್ಕೆ ಅದರ ಒಳಭೇದಗಳು ಕಾಣುವುದಿಲ್ಲ.

ಕನ್ನಡದ್ದೇ ಉದಾಹರಣೆ ಇನ್ನೂ ಸೂಕ್ಷ್ಮವಾದುದು. ನಟೇಶ್ ಹೆಗಡೆಯವರ 'ವಾಘಾಚಿಪಾಣಿ' ಭಾರತ–ಸಿಂಗಪುರ ಸಹನಿರ್ಮಾಣ. ರಾಟರ್‌ಡ್ಯಾಮಿನ ಹ್ಯೂಬರ್ಟ್ ಬಾಲ್ಸ್ ನಿಧಿಯ ನೆರವು ಪಡೆದು 2025ರ ಬರ್ಲಿನ್ ಉತ್ಸವದ ಫೋರಂ ವಿಭಾಗದಲ್ಲಿ ಮೊದಲ ಪ್ರದರ್ಶನ ಕಂಡಿತು. ಅದರ ಮೂಲ ಅಮರೇಶ ನುಗಡೋಣಿಯವರ ಕಥಾಲೋಕ. ನುಗಡೋಣಿ ರಾಯಚೂರು ಸೀಮೆಯವರು. ಆ ಬಯಲಿನ, ತೆಲುಗಿಗೆ ಮೈತಾಗಿಸಿಕೊಂಡ ಕನ್ನಡ ಅವರ ಗದ್ಯದ ಬೆನ್ನೆಲುಬು. ಚಿತ್ರವು ಆ ಕಥೆಯನ್ನು ಉತ್ತರ ಕನ್ನಡದ ಕಾಡಿನ ನಡುವಣ ಊರಿಗೆ ಒಯ್ಯುತ್ತದೆ. ಕಥೆ ಉಳಿಯಿತು, ಅದು ನಿಂತಿದ್ದ ನುಡಿ ಬದಲಾಯಿತು. ಇದು ಕನ್ನಡದಿಂದ ಕನ್ನಡಕ್ಕೇ ಆದ ಅನುವಾದ, ಬಹುಶಃ ಇಡೀ ಯೋಜನೆಯ ಅತಿ ಕಷ್ಟದ ಅನುವಾದ. ಸಿಂಗಪುರಕ್ಕಾಗಲಿ ಬರ್ಲಿನ್ನಿಗಾಗಲಿ ಇದು ಕೇಳಿಸದು. ಇಂಗ್ಲಿಷ್ ಸಬ್‌ಟೈಟಲ್‌ಗೆ ಎರಡೂ ಕನ್ನಡಗಳು ಒಂದೇ. ಹೆಸರಿನ ಗತಿಯೂ ಅದೇ. 'ವಾಘ', 'ಪಾಣಿ' ಕೊಂಕಣಿ–ಮರಾಠಿ ಕಡೆಯ ಪದಗಳು, ಆದರೆ ಚಿತ್ರ ಕನ್ನಡದ್ದು. 'ಟೈಗರ್ಸ್ ಪಾಂಡ್' ಎಂದಾಗ ಹುಲಿಯೂ ನೀರೂ ದಾಟಿದವು, ಒಂದೇ ಹೆಸರಿನಲ್ಲಿ ಕೂಡಿದ್ದ ಎರಡು ನುಡಿಗಳು ದಾಟಲಿಲ್ಲ. ಈ ನಷ್ಟವನ್ನು ನಿರ್ದೇಶಕರ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಹಳ್ಳಿಯ ಜಾತಿ–ಅಧಿಕಾರದ ಚಿತ್ರಣದಲ್ಲಿ ಅವರು ಯಾರಿಗಾಗಿಯೂ ಏನನ್ನೂ ತಿಳಿಯಾಗಿಸಿಲ್ಲ. ಪ್ರಶ್ನೆ ಇರುವುದು ವಿಮರ್ಶೆಗೆ: ಉತ್ಸವದ ಪಟ್ಟಿಯಲ್ಲಿ 'ಕನ್ನಡ' ಎಂದು ಓದಿ ಹಿಗ್ಗುವ ಬರಹಗಳು ಯಾವ ಕನ್ನಡ ಎಂದು ಕೇಳಿದ್ದು ಅಪರೂಪ.

ಗಡಿಯಾಚೆಯ ಕನ್ನಡ ನಿರ್ದೇಶಕರಿಗೆ ಈ ಪ್ರಶ್ನೆ ಕಡತ ತಯಾರಿಸುವ ಹಂತದಲ್ಲೇ ಎದುರಾಗುತ್ತದೆ. ಅಕ್ಕಲಕೋಟೆಯ ಕಥೆಯೊಂದರಲ್ಲಿ ತಾಯಿ ಕನ್ನಡದಲ್ಲಿ ಬೈದು, ಮಗ ಮರಾಠಿಯಲ್ಲಿ ಉತ್ತರಿಸಿದರೆ, ಇಂಗ್ಲಿಷ್ ಚಿತ್ರಕಥೆಯಲ್ಲಿ ಅದು ಬರಿಯ ಜಗಳ. ಯಾರು ಯಾವ ಮಾತಿನಲ್ಲಿ ನುಡಿದರು, ಎಲ್ಲಿ ಮಾತು ಬದಲಿಸಿದರು ಎಂಬುದನ್ನು ಎಡಗಡೆ ಮೂಲ ಸಂಭಾಷಣೆ, ಬಲಗಡೆ ಇಂಗ್ಲಿಷ್ ಇಟ್ಟು ತೋರಿಸಲು ಕಾಗದವಷ್ಟೇ ಸಾಕು. ಹಣ ಕೊಡುವವರು ಎಡಗಡೆಯನ್ನು ಓದಲಾರರು. ಆದರೆ ಅಲ್ಲೊಂದು ಎಡಗಡೆ ಇದೆಯೆಂಬುದು ಅವರ ಮುಂದೆ ಇರುತ್ತದೆ.