‘ನಮ್ದು’ ಎಂಬ ಮಾತಿನ ತೂಕ

ನಾವು ಕಾವ್ಯವನ್ನು ವಿಮರ್ಶಿಸುತ್ತೇವೆ, ನಾಟಕವನ್ನು ವಿಮರ್ಶಿಸುತ್ತೇವೆ, ಚಲನಚಿತ್ರವನ್ನೂ ಬಿಟ್ಟವರಲ್ಲ. ಆದರೆ ಸಾವಿರಾರು ಜನ ಒಂದೇ ಕೊರಳಿನಲ್ಲಿ ಕೂಗುವ ಜಯಘೋಷವನ್ನು ಒಂದು ಕೃತಿಯೆಂದು ತಿಳಿದು, ಅದರ ಗುಣದೋಷಗಳನ್ನು ತೂಗಿ ನೋಡುವ ಗೋಜಿಗೆ ಹೋಗುವುದು ಕಡಿಮೆ. ಆಟದಂಗಳದ ಗದ್ದಲಕ್ಕೆ ವಿಮರ್ಶೆ ಯಾಕೆ ಬೇಕು ಎಂದು ಕೆಲವರು ಹುಬ್ಬೇರಿಸಬಹುದು. ಕಾರಣವುಂಟು. ನಾಶಿಕದ ಸಾತಪೂರ, ಓಝರಗಳಲ್ಲಿ, ಛತ್ರಪತಿ ಸಂಭಾಜಿನಗರದ ಚಿಕಲಠಾಣ, ವಾಳೂಜಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ಶಾಲೆ ಇಂಗ್ಲಿಷಿನದು, ಬೀದಿ ಮರಾಠಿಯದು, ಸಿನಿಮಾ ಹಿಂದಿಯದು. ಹಿರಿಯರ ಒತ್ತಾಯವಿಲ್ಲದೆ, ತಪ್ಪಿಲ್ಲದೆ, ಸಂತೋಷದಿಂದ ಅವರ ಬಾಯಿಂದ ಹೊರಡುವ ಕನ್ನಡ ವಾಕ್ಯ ಒಂದಿದೆ: ‘ಈ ಸಲ ಕಪ್ ನಮ್ದೇ.’ ಇಷ್ಟು ಜೀವಂತವಾದ ಕನ್ನಡದ ತುಣುಕನ್ನು ವಿಮರ್ಶೆಗೆ ಅನರ್ಹವೆಂದು ತಳ್ಳಿಹಾಕುವುದು ಸರಿಯಾಗಲಾರದು.

೨೦೨೫ರಲ್ಲಿ ಒಂದೇ ವಾರದೊಳಗೆ ನಡೆದ ಎರಡು ವಿಜಯಗಳು ಈ ವಿಷಯವನ್ನು ಕಣ್ಣೆದುರಿಗೆ ತಂದು ನಿಲ್ಲಿಸಿದವು. ಮೇ ೩೧ರ ರಾತ್ರಿ ಮ್ಯೂನಿಕ್ ನಗರದಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಫುಟ್‌ಬಾಲ್ ತಂಡವು ಇಟಲಿಯ ಇಂಟರ್ ಮಿಲಾನ್ ತಂಡವನ್ನು ೫–೦ ಗೋಲುಗಳಿಂದ ಮಣಿಸಿ, ಯುರೋಪಿನ ಚಾಂಪಿಯನ್ಸ್ ಲೀಗ್ ಪ್ರಶಸ್ತಿಯನ್ನು ಮೊದಲ ಬಾರಿಗೆ ಪಡೆಯಿತು. ನಮ್ಮಲ್ಲಿ ಆಗ ನಡುರಾತ್ರಿ ಕಳೆದಿತ್ತು. ನಾಶಿಕದಲ್ಲೂ ನಿದ್ದೆಗೆಟ್ಟು ನೋಡಿದ ಹುಡುಗರಿದ್ದರು. ಆ ಸಂಭ್ರಮದ ನಡುವೆ ಫ್ರಾನ್ಸಿನಲ್ಲಿ ಇಬ್ಬರು ಸತ್ತರು, ನೂರಾರು ಮಂದಿ ಬಂಧನಕ್ಕೊಳಗಾದರು. ಮೂರು ದಿನ ಕಳೆದು, ಜೂನ್ ೩ರಂದು, ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಪಂಜಾಬ್ ತಂಡವನ್ನು ಆರು ರನ್ನುಗಳಿಂದ ಸೋಲಿಸಿತು. ಹದಿನೆಂಟನೆಯ ವರ್ಷದಲ್ಲಿ ಐಪಿಎಲ್ ಕಪ್ಪು ಕೈಗೆ ಬಂತು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಪ್ರಾಣ ಬಿಟ್ಟರು. ಎರಡೂ ಕಡೆ ಗೆಲುವು ದೊಡ್ಡದು, ಎರಡೂ ಕಡೆ ಹೆಣ ಬಿದ್ದಿತು. ಹೊಣೆ ಯಾರದೆಂಬುದನ್ನು ವಿಚಾರಣಾ ಆಯೋಗಕ್ಕೂ ನ್ಯಾಯಾಲಯಕ್ಕೂ ಬಿಡೋಣ. ನಾನಿಲ್ಲಿ ನೋಡಹೊರಟಿರುವುದು ಅಭಿಮಾನಿಯ ಮಾತನ್ನು. ‘ನಮ್ದು’ ಎಂದು ಕೂಗಿದವನು ಏನನ್ನು ತನ್ನದೆಂದು ಒಪ್ಪಿಕೊಂಡ?

ಮೊದಲು ಆ ಘೋಷದ ಗುಣವನ್ನು ಹೇಳಿಬಿಡುತ್ತೇನೆ. ನಾಲ್ಕೇ ಪದಗಳು. ‘ಸಲ’ ಮನೆಮಾತಿನ ಪದ, ‘ಕಪ್’ ಇಂಗ್ಲಿಷಿನಿಂದ ಬಂದು ನಮ್ಮದಾದದ್ದು, ‘ನಮ್ದೇ’ ಬೆಂಗಳೂರಿನ ಬೀದಿಯ ಉಚ್ಚಾರ. ಗ್ರಂಥಸ್ಥ ಭಾಷೆಯಲ್ಲಿ ‘ಈ ಬಾರಿಯ ಪ್ರಶಸ್ತಿಯು ನಮ್ಮದೇ ಆಗಿರುತ್ತದೆ’ ಎಂದಿದ್ದರೆ ಅದು ಮೊದಲ ಪಂದ್ಯಕ್ಕೇ ಸತ್ತುಹೋಗುತ್ತಿತ್ತು. ಇನ್ನೊಂದು ಗುಣ, ಅದರೊಳಗಿನ ವಿನೋದ. ೨೦೦೯, ೨೦೧೧, ೨೦೧೬ – ಮೂರು ಸಲ ಅಂತಿಮ ಪಂದ್ಯ ತಲುಪಿ ಸೋತ ತಂಡ ಇದು. ಎದುರಾಳಿಗಳು ಈ ಮಾತನ್ನೇ ಹಿಡಿದು ಗೇಲಿ ಮಾಡಿದರು. ಅಭಿಮಾನಿಗಳು ಸಿಟ್ಟಾಗದೆ ತಾವೂ ನಕ್ಕರು, ಮರುವರ್ಷ ಮತ್ತೆ ಕೂಗಿದರು. ಗಣಪತಿಯನ್ನು ನೀರಿಗೆ ಬಿಡುವಾಗ ಮುಂದಿನ ವರ್ಷ ಬೇಗ ಬಾ ಎಂದು ಇಲ್ಲಿನ ಜನ ಮೊರೆಯಿಡುತ್ತಾರಲ್ಲ, ಸುಮಾರಾಗಿ ಅದೇ ಜಾತಿಯ ಮಾತು ಇದು. ಕಳೆದುಕೊಳ್ಳುವ ಗಳಿಗೆಯಲ್ಲೇ ಮರಳಿ ಪಡೆಯುವ ಭರವಸೆ. ಹೀಗೆ ವರ್ಷ ವರ್ಷ ಸೋತು ಮಾಗಿದ ಘೋಷಕ್ಕೆ ಒಂದು ಬಗೆಯ ಘನತೆ ಬಂದಿತ್ತು.

ವ್ಯಾಕರಣದ ಒಂದು ಸೂಕ್ಷ್ಮವೂ ಇಲ್ಲಿದೆ. ‘ನಮ್ದೇ’ ಎಂಬಲ್ಲಿಯ ಏಕಾರ ಒತ್ತಿ ಹೇಳುವುದಕ್ಕೆ ಬರುವಂಥದು. ಸಂಶಯವಿದ್ದಲ್ಲಿ ಒತ್ತಿ ಹೇಳಬೇಕಾಗುತ್ತದೆ. ವಸ್ತು ಕೈಗೆ ಬಂದ ಮೇಲೆ ಒತ್ತು ಯಾಕೆ? ೨೦೨೪ರ ಮಾರ್ಚಿಯಲ್ಲಿ ಬೆಂಗಳೂರಿನ ಮಹಿಳಾ ತಂಡ ದಿಲ್ಲಿಯಲ್ಲಿ ಕಪ್ಪು ಗೆದ್ದಾಗ ನಾಯಕಿ ಸ್ಮೃತಿ ಮಂಧಾನಾ, ಇನ್ನು ‘ನಮ್ದೇ’ ಎನ್ನಬೇಕಾಗಿಲ್ಲ, ‘ನಮ್ದು’ ಎನ್ನಬಹುದು ಎಂಬರ್ಥದ ಮಾತಾಡಿ ಆ ಏಕಾರವನ್ನು ಕಳಚಿಟ್ಟರು. ಆಕೆ ಬೆಳೆದದ್ದು ನಮ್ಮ ಮಹಾರಾಷ್ಟ್ರದ ಸಾಂಗ್ಲಿಯಲ್ಲಿ. ಕನ್ನಡದ ಒಂದು ಘೋಷವನ್ನು ಇಷ್ಟು ಅಂದವಾಗಿ ತಿದ್ದಿದ ಶ್ರೇಯಸ್ಸು ಸಾಂಗ್ಲಿಯ ಹೆಣ್ಣುಮಗಳಿಗೆ ಸಂದಿತೆಂಬುದು ಗಡಿಯಾಚೆ ಬದುಕುವ ನಮಗೆ ಕಿರುನಗೆ ತರಿಸುವ ಸಂಗತಿ.

ಇನ್ನು ದೋಷದ ಮಾತು. ‘ನಮ್ದು’ ಎಂಬಲ್ಲಿಯ ನಾವು ಯಾರು? ಅಹಮದಾಬಾದಿನ ಆ ಪಂದ್ಯದಲ್ಲಿ ಬೆಂಗಳೂರಿನ ಪರ ಆಡಿದವರಲ್ಲಿ ಕರ್ನಾಟಕದವರು ಮಯಂಕ್ ಅಗರ್ವಾಲ್ ಒಬ್ಬರೇ. ಮಹಾರಾಷ್ಟ್ರದವರೂ ಒಬ್ಬರಿದ್ದರು, ಅಮರಾವತಿಯ ಜಿತೇಶ್ ಶರ್ಮಾ. ಆದ್ದರಿಂದ ಈ ಹೆಮ್ಮೆಯೇ ಹುಸಿ ಎಂದು ಮೂಗು ಮುರಿಯುವವರಿದ್ದಾರೆ. ಈ ಟೀಕೆಯನ್ನು ನಾನು ಒಪ್ಪುವುದಿಲ್ಲ. ಹುಟ್ಟಿದೂರನ್ನೇ ನೋಡಿ ತನ್ನವರೆನ್ನಬೇಕೆಂದಾದರೆ, ಓಝರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಾಶಿಕದಲ್ಲೇ ಮನೆ ಕಟ್ಟಿದ ಕನ್ನಡಿಗರನ್ನು ಈ ಊರು ಯಾವ ಲೆಕ್ಕಕ್ಕೆ ಸೇರಿಸಬೇಕು?

ಫುಟ್‌ಬಾಲಿನ ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ಉತ್ತರವೊಂದಿದೆ. ೧೯೪೭ರ ದೇಶವಿಭಜನೆಯ ನಂತರ ನೆಲೆ ಕಳೆದುಕೊಂಡು ಕಲಕತ್ತೆಗೆ ಬಂದ ಪೂರ್ವಬಂಗಾಲದ ಜನಕ್ಕೆ ಈಸ್ಟ್ ಬೆಂಗಾಲ್ ಕ್ಲಬ್ಬೇ ಊರಾಗಿತ್ತು. ಆ ತಂಡದ ಮುಂಪಂಕ್ತಿಯಲ್ಲಿ ಆಗ ಐವರಿದ್ದರು: ಅಹ್ಮದ್ ಖಾನ್, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೆ. ಎಲ್ಲರೂ ದಕ್ಷಿಣದಿಂದ ಹೋದವರು. ಅಹ್ಮದ್ ಖಾನ್ ಅಂತೂ ನಮ್ಮ ಬೆಂಗಳೂರಿನವರು. ೧೯೪೯ರಿಂದ ೧೯೫೧ರವರೆಗೆ ಮೂರು ವರ್ಷ ಎಡೆಬಿಡದೆ ಐ.ಎಫ್.ಎ. ಶೀಲ್ಡ್ ಗೆದ್ದ ಕಾಲವದು. ಆ ಐವರನ್ನು ಜನ ‘ಪಂಚಪಾಂಡವರು’ ಎಂದು ಕರೆದರು. ಮನೆಮಠ ಕಳೆದುಕೊಂಡವರು, ತಮ್ಮಂತೆ ಹೊರಗಿನಿಂದ ಬಂದವರನ್ನು, ವನವಾಸ ಕಂಡ ಐವರ ಹೆಸರಿನಿಂದ ಕರೆದದ್ದರಲ್ಲಿ ಎಷ್ಟು ಔಚಿತ್ಯವಿದೆ ನೋಡಿ. ಆ ಅಭಿಮಾನಿಗಳು ತಮ್ಮವರನ್ನು ಒಬ್ಬೊಬ್ಬರನ್ನಾಗಿ ಬಲ್ಲವರಾಗಿದ್ದರು. ಹೀಗೆ ಕಂಡು, ತಿಳಿದು, ಹೆಸರಿಟ್ಟು ತನ್ನದಾಗಿಸಿಕೊಳ್ಳುವುದೇ ನಿಜವಾದ ‘ನಮ್ದು’.

ಈ ಒರೆಗಲ್ಲಿಗೆ ನಮ್ಮ ಅಭಿಮಾನವನ್ನು ಹಚ್ಚಿದರೆ ಬಣ್ಣ ಸ್ವಲ್ಪ ಮಾಸುತ್ತದೆ. ೨೦೨೩ರ ಮಾರ್ಚಿ ೪ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕರ್ನಾಟಕದ ಫುಟ್‌ಬಾಲ್ ತಂಡವು ಮೇಘಾಲಯವನ್ನು ೩–೨ ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಹಿಂದೆ ಮೈಸೂರು ರಾಜ್ಯವೆಂಬ ಹೆಸರಿನಲ್ಲಿ ನಾಲ್ಕು ಸಲ ಗೆದ್ದದ್ದುಂಟು; ಕೊನೆಯದು ೧೯೬೮–೬೯ರಲ್ಲಿ. ಅಂದರೆ ಐವತ್ತನಾಲ್ಕು ವರ್ಷಗಳ ಕಾಯುವಿಕೆ! ಹದಿನೆಂಟು ವರ್ಷ ಕಾದವರಿಗಾಗಿ ಬೀದಿ ತುಂಬಿದ ನಾವು, ಅದರ ಮೂರು ಪಟ್ಟು ಕಾದವರಿಗಾಗಿ ಎಷ್ಟು ದನಿ ಎತ್ತಿದೆವು? ಆ ತಂಡದಲ್ಲಿ ಕೋಟಿಗಟ್ಟಲೆ ಬೆಲೆಗೆ ಹರಾಜಾದವರು ಯಾರೂ ಇರಲಿಲ್ಲ. ಎದೆಯ ಮೇಲೆ ಇದ್ದದ್ದು ರಾಜ್ಯದ ಹೆಸರು. ‘ನಮ್ದು’ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಹಕ್ಕು ಬೇಕೇ? ಆದರೂ ಆ ಗೆಲುವು ಹೆಚ್ಚಿನವರ ಕಿವಿಗೇ ಬೀಳಲಿಲ್ಲ. ಜಾಹೀರಾತು ಹೇಳಿಕೊಟ್ಟಲ್ಲಿ ‘ನಮ್ದು’ ಎನ್ನುವುದು, ಹೇಳಿಕೊಡದಲ್ಲಿ ಸುಮ್ಮನಿರುವುದು – ಇದು ನಮ್ಮ ಅಭಿಮಾನದ ಮೊದಲ ದೋಷ.

ಫುಟ್‌ಬಾಲಿನಲ್ಲೂ ಬೆಂಗಳೂರಿಗೆ ತನ್ನದೇ ಆದ ದೊಡ್ಡ ರಾತ್ರಿಯೊಂದು ಇದೆ. ೨೦೧೬ರ ಅಕ್ಟೋಬರ್ ೧೯ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ತಂಡವು, ಹಿಂದಿನ ವರ್ಷದ ವಿಜೇತ ಮಲೇಶಿಯದ ಜೋಹೋರ್ ತಂಡಕ್ಕೆ ಮೊದಲ ಗೋಲನ್ನು ಕೊಟ್ಟೂ, ೩–೧ರಿಂದ ಗೆದ್ದಿತು. ಸುನಿಲ್ ಛೆಟ್ರಿ ಎರಡು ಗೋಲು ಹೊಡೆದರು, ಸ್ಪೇನಿನ ಹುವಾನನ್ ಮೂರನೆಯದನ್ನು. ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಭಾರತದ ತಂಡವೊಂದು ತಲುಪಿದ್ದು ಅದೇ ಮೊದಲು. ಯುರೋಪಿನವರಿಗೆ ಯುರೋಪು ಹೇಗೋ, ನಮಗೆ ಏಶಿಯಾ ಹಾಗೆ. ಆದರೆ ನವೆಂಬರ್ ೫ರಂದು ದೋಹಾದಲ್ಲಿ ಇರಾಕಿನ ವಾಯುಪಡೆ ತಂಡದೆದುರು ೦–೧ರ ಸೋಲು. ಪಶ್ಚಿಮದ ಗ್ಯಾಲರಿಯಿಂದ ಹೆಸರು ಪಡೆದ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬಳಗ ೨೦೧೩ರಲ್ಲಿ ಕ್ಲಬ್ಬು ಹುಟ್ಟಿದ ಕಾಲದಿಂದ ಅದರೊಡನೆ ನಿಂತದ್ದು. ದೋಹಾದ ಸೋಲಿಗೆ ಚದರಿಹೋಗಲಿಲ್ಲ. ಅವರ ಸಂಖ್ಯೆ ಲಕ್ಷಗಳಲ್ಲಿಲ್ಲ, ಅವರ ಕೂಗು ದೇಶವೆಲ್ಲ ಕೇಳಿಸುವುದಿಲ್ಲ. ಆದರೆ ಅಕ್ಟೋಬರ್ ೧೯ನ್ನೂ ನವೆಂಬರ್ ೫ನ್ನೂ ಒಂದೇ ಉಸಿರಿನಲ್ಲಿ ‘ನಮ್ದು’ ಎನ್ನಬಲ್ಲವರಿಗೆ ಆ ಪದ ಒಗ್ಗುತ್ತದೆ.

ಎರಡನೆಯ ದೋಷವನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ, ಹೇಳದೆ ವಿಧಿಯಿಲ್ಲ. ಜೂನ್ ೪ರಂದು ಸತ್ತ ಹನ್ನೊಂದು ಮಂದಿಯೂ ಅದೇ ಘೋಷವನ್ನು ಕೂಗಲು ಬಂದವರು. ಅವರು ‘ನಮ್ಮವರು’ ಆದರೇ? ಗುಂಪೇ ನುಗ್ಗಿತು, ಯಾರು ಬರಹೇಳಿದ್ದರು, ಬುದ್ಧಿ ಬೇಡವೇ ಎಂಬ ಮಾತುಗಳನ್ನು ಆ ವಾರವೇ ನಾವು ಕೇಳಿದೆವು. ನಮ್ಮ ಮನೆಗಳಲ್ಲೂ ಆಡಿದೆವು. ಕಪ್ಪು ಬಂದ ರಾತ್ರಿ ನಾವೆಲ್ಲ ಒಂದಾಗಿದ್ದೆವು. ಹೆಣ ಬಿದ್ದ ಸಂಜೆ ಅವರು ಬೇರೆ, ನಾವು ಬೇರೆ.

ಇಂಗ್ಲೆಂಡಿನ ಲಿವರ್‌ಪೂಲ್ ತಂಡದ ಅಭಿಮಾನಿಗಳನ್ನು ಇಲ್ಲಿ ನೆನೆಯಬೇಕು. ೧೯೮೯ರ ಏಪ್ರಿಲ್ ೧೫ರಂದು ಶೆಫೀಲ್ಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಉಂಟಾದ ನೂಕಾಟಕ್ಕೆ ಕಾಲಕ್ರಮದಲ್ಲಿ ತೊಂಬತ್ತೇಳು ಜನ ಬಲಿಯಾದರು. ಅಲ್ಲಿಯೂ ಮೊದಲು ದೂರಿದ್ದು ಸತ್ತವರನ್ನೇ, ಅವರ ಸಂಗಡಿಗರನ್ನೇ. ಆದರೆ ಆ ಊರಿನ ಜನ ‘ಅವರು ನಮ್ಮವರು’ ಎಂದು ಪಟ್ಟು ಹಿಡಿದರು. ಇಪ್ಪತ್ತೇಳು ವರ್ಷಗಳ ನಂತರ, ೨೦೧೬ರಲ್ಲಿ, ಅಭಿಮಾನಿಗಳ ತಪ್ಪಿರಲಿಲ್ಲ, ಆ ಸಾವುಗಳು ಕಾನೂನುಬಾಹಿರ ಹತ್ಯೆಗಳೆಂದು ಜ್ಯೂರಿ ತೀರ್ಮಾನ ಕೊಟ್ಟಿತು. ಇಂದು ಆ ತಂಡದ ಅಂಗಿಯ ಬೆನ್ನಿನ ಮೇಲೆ, ಕೊರಳಪಟ್ಟಿಯ ಕೆಳಗೆ, ೯೭ ಎಂಬ ಅಂಕಿಯಿದೆ. ೨೦೧೯ರ ಮೇ ೭ರಂದು ಬಾರ್ಸೆಲೋನಾ ತಂಡವನ್ನು ೪–೦ರಿಂದ ಸೋಲಿಸಿ, ಮೊದಲ ಪಂದ್ಯದ ಮೂರು ಗೋಲುಗಳ ಹಿನ್ನಡೆಯನ್ನು ಅಳಿಸಿಹಾಕಿದಾಗ ಆ ಗ್ಯಾಲರಿಗಳಲ್ಲಿ ಎದ್ದ ದನಿಯ ಹಿಂದೆ ಈ ನೆನಪಿನ ಭಾರವಿತ್ತು. ಇವರೇನೂ ದೇವಮಾನವರಲ್ಲ, ೧೯೮೫ರಲ್ಲಿ ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಇವರ ಗುಂಪೊಂದು ಎದುರು ತಂಡದವರ ಕಡೆಗೆ ನುಗ್ಗಿ, ಗೋಡೆ ಕುಸಿದು ಮೂವತ್ತೊಂಬತ್ತು ಜನ ಸತ್ತದ್ದೂ ಇತಿಹಾಸವೇ. ಅದನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡೇ ಅವರು ‘ನಮ್ಮದು’ ಎನ್ನಬೇಕಾಗಿದೆ.

ಈ ದೋಷ ಆಟಕ್ಕಷ್ಟೇ ಸೀಮಿತವಾದದ್ದಲ್ಲ. ಛತ್ರಪತಿ ಸಂಭಾಜಿನಗರಕ್ಕೆ ನೆಂಟರು ಬಂದರೆ ವೇರೂಳಿನ ಕೈಲಾಸ ದೇವಾಲಯಕ್ಕೆ ಕರೆದುಕೊಂಡು ಹೋಗಿ ‘ಇದು ನಮ್ಮದು’ ಎನ್ನುತ್ತೇವೆ. ಎಂಟನೆಯ ಶತಮಾನದ ರಾಷ್ಟ್ರಕೂಟ ಕೃಷ್ಣನ ಹೆಸರನ್ನು ಮಾತ್ರ ನೆನಪಿಟ್ಟಿರುತ್ತೇವೆ. ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಗೋದಾವರಿಯನ್ನು ಹೇಳಿದೆಯೆಂದು ನಾಶಿಕದ ಸಭೆಗಳಲ್ಲಿ ಎದೆಯುಬ್ಬಿಸುತ್ತೇವೆ. ಆ ಗ್ರಂಥವನ್ನು ಮನೆಯಲ್ಲಿ ಇಟ್ಟುಕೊಂಡವರು ವಿರಳ. ಅರಿಯದೆ ಆಡಿದ ‘ನಮ್ದು’ ಬರಿಯ ಕೂಗು.

ಹಾಗಾದರೆ ಮಕ್ಕಳ ಬಾಯಿಂದ ಆ ನಾಲ್ಕು ಪದಗಳನ್ನು ಕಿತ್ತುಕೊಳ್ಳಬೇಕೇ? ಖಂಡಿತ ಬೇಡ. ಬೀಜ ಸಿಕ್ಕಿದೆ, ನೀರು ಹಾಕುವ ಕೆಲಸ ನಮ್ಮದು. ನಡುರಾತ್ರಿ ಯುರೋಪಿನ ಪಂದ್ಯ ನೋಡಿದ ಮಗನನ್ನು ಬೆಳಿಗ್ಗೆ ಗದರಿಸುವ ಬದಲು, ಆ ಐದು ಗೋಲು ಹೇಗೆ ಬಿದ್ದವೆಂದು ಕನ್ನಡದಲ್ಲಿ ಹೇಳಿಸಬಹುದು. ಚೆಂಡು ಯಾರ ಕಾಲಿಂದ ಯಾರ ಕಾಲಿಗೆ ಹೋಯಿತು, ಯಾರು ತಡೆದರು, ಯಾರು ತಪ್ಪಿದರು ಎಂದು ಹೇಳಹೊರಟರೆ ನಾಲ್ಕು ಪದಗಳ ಕನ್ನಡ ನಾನೂರಾಗುತ್ತದೆ. ಸಂಘದ ರಾಜ್ಯೋತ್ಸವದಲ್ಲಿ ಭಾಷಣ ಸ್ಪರ್ಧೆಯ ಜತೆಗೆ ಹತ್ತು ನಿಮಿಷದ ವೀಕ್ಷಕ ವಿವರಣೆಯ ಸ್ಪರ್ಧೆಯನ್ನೂ ಇಡಬಹುದು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಏಕೈಕ ಗೋಲನ್ನು ಹೊಡೆದ ಮೈಸೂರು ರಾಜ್ಯದ ರಾಮನ್ ಯಾರೆಂದು ಮಕ್ಕಳಿಗೆ ಹೇಳಬಹುದು. ಮುಂಬಯಿ ತಂಡ ನನ್ನದು ಎನ್ನುವ ಮಗುವನ್ನು ಕನ್ನಡದ್ರೋಹಿ ಎಂದು ತಮಾಷೆಗೂ ಕರೆಯಬಾರದು. ಹುಟ್ಟಿದ ನೆಲವನ್ನು ತನ್ನದೆನ್ನುವುದು ಅದರ ಹಕ್ಕು. ಅಪ್ಪ ಅಮ್ಮನ ನುಡಿಯನ್ನೂ ತನ್ನದೆನ್ನುವಂತೆ ಮಾಡುವುದು ನಮ್ಮ ಜಾಣತನ.

ಇನ್ನೊಂದು ಕಪ್ಪು ಬಂದೀತು, ಇನ್ನೊಮ್ಮೆ ಕುಣಿಯೋಣ. ಅದಕ್ಕೆ ಮುಂಚೆ ನಮ್ಮ ಸಂಘಗಳು ಒಂದು ಚಿಕ್ಕ ಕೆಲಸ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ. ಪ್ರತಿ ಜೂನ್ ೪ರಂದು ಎಲ್ಲಾದರೂ ನಾಲ್ಕು ಜನ ಕನ್ನಡಿಗರು ಕೂಡಿದಲ್ಲಿ, ಆ ಹನ್ನೊಂದು ಮಂದಿಗಾಗಿ ಒಂದು ನಿಮಿಷ ಎದ್ದು ನಿಲ್ಲಲಿ. ಮಕ್ಕಳು ಯಾಕೆಂದು ಕೇಳುತ್ತಾರೆ. ಆಗ ಹೇಳೋಣ, ಅವರೂ ನಮ್ಮವರು ಎಂದು.